ಕರಡಿಗೆಯ ನೆರಳು

ಶಿವಗಂಗವ್ವ ಲಿಂಗೈಕ್ಯಳಾದ ಸುದ್ದಿ ಬನಹಟ್ಟಿಗೆ ಬಂದದ್ದು ಒಂದು ಸೋಮವಾರ ಮುಂಜಾನೆ. ಅದು ಆಕೆಯ ಮನೆಗೆ ಬರಲಿಲ್ಲ, ಊರಿನ ಆಸ್ಪತ್ರೆಯ ಒಳಗನ್ನಡಿ ಯಂತ್ರದ ಕೋಣೆಗೆ ಬಂತು. ಆಕೆಯ ಗಂಡ ಚನ್ನಮಲ್ಲಪ್ಪ ಆಗ ಒಬ್ಬ ಮುದುಕನನ್ನು ಯಂತ್ರದ ಹಲಗೆಯ ಮೇಲೆ ಮಲಗಿಸಿ, ಅವನ ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಚಾಚಿಸಿ, ಗಾಜಿನ ಈಚೆಗೆ ಬಂದು ತನ್ನ ಕುರ್ಚಿಯಲ್ಲಿ ಕುಳಿತಿದ್ದ.

"ಉಸುರು ಹಿಡೀರಿ," ಎಂದಿತು ಯಂತ್ರ.

ಅದು ಚನ್ನಮಲ್ಲಪ್ಪನದೇ ದನಿ. ಮಂದಿ ಬೆದರಬಾರದು, ಊರಿನ ಮಾತೇ ಕಿವಿಗೆ ಬೀಳಲಿ ಎಂದು ಯಂತ್ರ ತಂದವರು ಅವನ ದನಿಯನ್ನು ಅದರೊಳಗೆ ತುಂಬಿದ್ದರು. ಬಾಗಿಲು ತೆರೆದು ಡಾಕ್ಟರ್ ಮೆಹರುನ್ನಿಸಾ ಒಳಗೆ ಬಂದದ್ದನ್ನು ಅವನು ಕಂಡ. ಆಕೆಯ ಕೈಯಲ್ಲಿ ಫೋನಿತ್ತು. ಒಳಗೆ ಮಲಗಿದವನು ಉಸಿರು ಹಿಡಿದಿದ್ದ; ಹೊರಗೆ ಇವರಿಬ್ಬರೂ ಹಿಡಿದಿದ್ದರು.

"ಬಿಡ್ರಿ," ಎಂದಿತು ಯಂತ್ರ.

"ಕಾಕಾ," ಎಂದಳು ಡಾಕ್ಟರ್, "ಹುಬ್ಬಳ್ಳಿಯಿಂದ ಫೋನ್ ಬಂದಿತ್ತು. ಕಾಕೂ ಹೋದ್ರಂತ."

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಹೆಂಡತಿಯ ಹಾಸಿಗೆಯ ಪಕ್ಕದಲ್ಲಿ ಆಕೆಯ ತಮ್ಮನಿದ್ದ. ಯಂತ್ರ ನಡೆಸಲು ಬೇರೆ ಯಾರೂ ಇಲ್ಲವೆಂದು ಚನ್ನಮಲ್ಲಪ್ಪ ಹಿಂದಿನ ದಿನವಷ್ಟೇ ಊರಿಗೆ ಬಂದಿದ್ದ. ಬರುವಾಗ ಶಿವಗಂಗವ್ವ ಕಣ್ಣು ತೆರೆದು, "ಉಂಡ ಹೋಗ್ರಿ, ಕ್ಯಾಂಟೀನಿನ್ಯಾಗ ಅನ್ನ ಛಲೋ ಇರ್ತೈತಿ," ಎಂದಿದ್ದಳು. ಅದೇ ಕೊನೆಯ ಮಾತು. ಅವನು ಉಣ್ಣದೆ ಬಸ್ಸು ಹತ್ತಿದ್ದ.

ಅವನು ಎದ್ದು ಒಳಗೆ ಹೋಗಿ, ಮುದುಕನನ್ನು ಮೆಲ್ಲಗೆ ಎಬ್ಬಿಸಿ ಕೂರಿಸಿ, ಅವನ ಎದೆಯ ಬಲಕ್ಕೆ ಸರಿದಿದ್ದ, ಲಿಂಗವಿಟ್ಟ ಬೆಳ್ಳಿಯ ಕರಡಿಗೆಯನ್ನು ನಡುವಿಗೆ ತಂದು, ಅಂಗಿಯ ಗುಂಡಿ ಹಾಕಿದ. ಆಮೇಲೆ ಗೋಡೆಗೆ ಒರಗಿದ.

*

ಆ ಯಂತ್ರಕ್ಕೆ ಒಳಗನ್ನಡಿ ಎಂದು ಹೆಸರಿಟ್ಟವರು ಊರಿನ ನೇಕಾರ ಹೆಂಗಸರು. ಅದು ಹಳೆಯ ಸ್ಕ್ಯಾನ್ ಯಂತ್ರದ ವಂಶದ್ದೇ, ಆದರೆ ಅದರಂತೆ ದೇಹಕ್ಕೆ ಹೆಚ್ಚು ಕಿರಣ ಹೊಡೆಯುತ್ತಿರಲಿಲ್ಲ. ಎದೆಯ ಒಂದು ಎಕ್ಸ್‌ರೇಗೆ ಬೇಕಾಗುವಷ್ಟು ಕಿರಣದಲ್ಲೇ ಹೊಟ್ಟೆ ಎದೆಗಳನ್ನು ಹೋಳುಹೋಳಾಗಿ ನೋಡುತ್ತಿತ್ತು. ನೋಡಿದ್ದನ್ನು ತಾನೇ ಓದಿ, ಎಲ್ಲಿ ಏನು ಕೆಟ್ಟಿದೆ ಎಂದು ಡಾಕ್ಟರರಿಗೆ ತೋರಿಸುತ್ತಿತ್ತು. ಹೀಗಾಗಿ ರೋಗ ಬಂದವರಷ್ಟೇ ಅಲ್ಲ, ಬಾರದವರೂ ವರ್ಷಕ್ಕೊಮ್ಮೆ ಬಂದು ಮಲಗಿ ಹೋಗುವ ಕಾಲ ಬಂದಿತ್ತು.

ಮೊದಲು ಹಾಗಿರಲಿಲ್ಲ. ಹಳೆಯ ಯಂತ್ರದ ಮುಂದೆ ಲೋಹದ ಒಡವೆಯೆಲ್ಲ ತೆಗೆದಿಡಬೇಕಿತ್ತು. ಓಲೆ, ಬಳೆ ತೆಗೆದಾರು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಹಿರಿಯರು ಅದನ್ನು ತೆಗೆದಾರೆಯೆ? ಹುಟ್ಟಿದಾಗ ಕಟ್ಟಿದ್ದು ಮಣ್ಣಿಗೆ ಹೋಗುವತನಕ ಮೈ ಬಿಡಬಾರದು. "ಲಿಂಗಾ ಬಿಚ್ಚಿಟ್ಟ ಮಲಗು ಅಂದ್ರ ಜೀವಾ ಬಿಚ್ಚಿಟ್ಟ ಮಲಗು ಅಂದಂಗ ಆತು," ಎಂದು ಎಷ್ಟೋ ಜನ ಆಸ್ಪತ್ರೆಯ ಮೆಟ್ಟಿಲಿಂದಲೇ ತಿರುಗಿ ಹೋಗಿದ್ದರು. ಒಳಗನ್ನಡಿ ಬಂದಾಗ ಅದರ ಕಂಪನಿಯವರು ಈ ತೊಡಕನ್ನು ಬಿಡಿಸಿದೆವೆಂದರು. ಬೆಳ್ಳಿಯ ಕರಡಿಗೆ ಕಿರಣವನ್ನು ತಡೆದು ಚಿತ್ರದ ಮೇಲೆ ನೆರಳು ಬೀಳಿಸಿದರೆ ಬೀಳಿಸಲಿ, ಯಂತ್ರ ಆ ನೆರಳನ್ನು ಅಳಿಸಿ ಅದರ ಹಿಂದೆ ಇರಬೇಕಾದ್ದನ್ನು ತಾನೇ ತುಂಬಿಕೊಳ್ಳುತ್ತದೆ ಎಂದರು. ಊರಿಗೆ ಹಬ್ಬವಾಯಿತು. ಯಂತ್ರಕ್ಕೆ ವಿಭೂತಿ ಹಚ್ಚಿ ಹೂವಿನ ಹಾರ ಹಾಕಿದರು. ಶಿವಗಂಗವ್ವ ತನ್ನ ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದಳು. ಪಕ್ಕದ ಮನೆಯ ನಿಂಬೆವ್ವನಂತೂ ಹಲಗೆಯ ಮೇಲೆ ಮಲಗಿ, "ಗಂಗಕ್ಕಾ, ನಿನ್ನ ಗಂಡ ಮನ್ಯಾಗ ಬಾಯಿ ಬಿಡಂಗಿಲ್ಲ, ಇಲ್ಲಿ ನೋಡು, ಉಸುರು ಹಿಡಿ, ಉಸುರು ಬಿಡು ಅಂತ ಎಷ್ಟ ಜೋರ ಮಾಡ್ತಾನ!" ಎಂದು ನಗಿಸಿದ್ದಳು.

ಚನ್ನಮಲ್ಲಪ್ಪ ಒಂದು ಕ್ರಮ ಮಾಡಿಕೊಂಡಿದ್ದ. ನೆರಳು ಹೃದಯದ ಮೇಲೆ ಬೀಳುವುದು ಬೇಡ ಎಂದು ಮಲಗಿದವರ ಕರಡಿಗೆಯನ್ನು ಎರಡು ಬೆರಳಿನಿಂದ ಮೆಲ್ಲಗೆ ಬಲಕ್ಕೆ ಸರಿಸುತ್ತಿದ್ದ. ಸರಿಸುವ ಮುನ್ನ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಮಂದಿಗೆ ಅದು ಬಹಳ ಹಿಡಿಸಿತ್ತು.

ಶಿವಗಂಗವ್ವನಿಗೆ ಆ ಸಲ ಯಂತ್ರ 'ಏನೂ ಇಲ್ಲ' ಎಂದಿತ್ತು. ಕೆಲವು ತಿಂಗಳಾದ ಮೇಲೆ ಆಕೆ ಸೊರಗಿದಳು, ಬೆವರಿದಳು, ಸಂಜೆಯಾದರೆ ಜ್ವರ ಬಂತು. ಒಳಗನ್ನಡಿ ನೋಡಿ ಹೇಳಿದೆಯಲ್ಲ ಎಂಬ ಧೈರ್ಯದಲ್ಲಿ ಕಷಾಯ ಕುಡಿದಳು. ಹುಬ್ಬಳ್ಳಿಗೆ ಹೋಗುವ ಹೊತ್ತಿಗೆ ತಡವಾಗಿತ್ತು. ಯಕೃತ್ತಿನಲ್ಲಿ ಲಿಂಫೋಮಾ ಎಂದರು ಅಲ್ಲಿಯವರು. ಮೈಯನ್ನು ಕಾಯಬೇಕಾದ ಬಿಳಿಯ ರಕ್ತಕಣಗಳೇ ಕೆಟ್ಟು ಗುಂಪುಕಟ್ಟಿ ಬೆಳೆಯುವ ಕ್ಯಾನ್ಸರು ಅದು; ಕೊರಳು, ಕಂಕುಳಿನ ಗಂಟುಗಳಲ್ಲಿ ಹುಟ್ಟುವುದೇ ಹೆಚ್ಚು, ಅಪರೂಪಕ್ಕೆ ಯಕೃತ್ತಿನಲ್ಲೇ ಬೇರೂರುತ್ತದೆ; ಮೊದಲೇ ಸಿಕ್ಕಿದ್ದರೆ ಮದ್ದಿಗೆ ಬಗ್ಗುವಂಥದು ಎಂದೂ ಹೇಳಿದರು.

ಮಣ್ಣಿನ ದಿನ ಅಯ್ಯನವರು ಶಿವಗಂಗವ್ವನನ್ನು ಪದ್ಮಾಸನದಲ್ಲಿ ಕೂರಿಸಿ, ಹಣೆಗೆ ವಿಭೂತಿ ಧರಿಸಿ, ಕರಡಿಗೆಯಿಂದ ಲಿಂಗವನ್ನು ತೆಗೆದು ಆಕೆಯ ಎಡಗೈಯ ಅಂಗೈಯಲ್ಲಿಟ್ಟು ಬಿಳಿಯ ವಸ್ತ್ರದಿಂದ ಕಟ್ಟಿದರು. ಬಿಲ್ವಪತ್ರೆಯ ಮೇಲೆ ಮಣ್ಣು ಬಿತ್ತು. ಖಾಲಿಯಾದ ಬೆಳ್ಳಿಯ ಕರಡಿಗೆಯನ್ನು ಚನ್ನಮಲ್ಲಪ್ಪನ ಕೈಗೆ ಕೊಟ್ಟರು. ಅವನು ಅದನ್ನು ಮನೆಯೊಳಗೆ ದೇವರ ಜಗಲಿಯ ಮೇಲಿಟ್ಟ.

*

ಶಿವಗಣಾರಾಧನೆ ಮುಗಿದ ಮೇಲೆ ಅವನು ಕೆಲಸಕ್ಕೆ ಬಂದ. ಡಾಕ್ಟರ್ ಮೆಹರುನ್ನಿಸಾ ಅವನಿಗಾಗಿ ಕಾದಿದ್ದಳು. ವಿಜಯಪುರದ ಹುಡುಗಿ, ಈ ಆಸ್ಪತ್ರೆಗೆ ಚಿತ್ರ ಓದುವ ಡಾಕ್ಟರಾಗಿ ಬಂದು ಬಹಳ ಕಾಲವಾಗಿರಲಿಲ್ಲ. ಶಿವಗಂಗವ್ವ ಆಕೆಗೆ ಹಬ್ಬಕ್ಕೆ ಹೋಳಿಗೆ ಕಟ್ಟಿ ಕಳಿಸುತ್ತಿದ್ದಳು. ಆಕೆ ಬಾಗಿಲು ಹಾಕಿ, ಪರದೆಯ ಮೇಲೆ ಎರಡು ಚಿತ್ರ ತೆರೆದಳು.

"ಕಾಕಾ, ಇದನ್ನ ನಿಮಗ ತೋರಿಸಬೇಕೋ ಬ್ಯಾಡೋ ಅಂತ ಭಾಳ ಯೋಚನೆ ಮಾಡೀನಿ. ಆದ್ರ ಮುಚ್ಚಿಡಾಕ ಮನಸ್ಸ ಒಪ್ಪಲಿಲ್ಲ."

"ತೋರ್ಸು ಡಾಕ್ಟರವ್ವಾ. ಇನ್ನೇನ ಉಳದೈತಿ?"

"ಇದು ಕಾಕೂ ಅವರದು, ಇಲ್ಲೇ ತಗದಿದ್ದು. ಎಡಗಡಿದು ಯಂತ್ರ ನಮಗ ತೋರಿಸಿದ ಚಿತ್ರ. ನೋಡ್ರಿ, ಯಕೃತ್ತು ಎಷ್ಟ ಸಪಾಟ ಐತಿ, ಒಂದ ಬಣ್ಣ. ಬಲಗಡಿದು ಅದರೊಳಗ ಬಿದ್ದಿದ್ದ ಮೂಲ ಚಿತ್ರ, ನೆರಳು ಅಳಿಸೂ ಮೊದಲಿಂದು."

ಬಲಗಡೆಯ ಚಿತ್ರದಲ್ಲಿ ಕರಡಿಗೆ ಬಿಳಿಯ ಕೆಂಡದಂತೆ ಹೊಳೆಯುತ್ತಿತ್ತು. ಅದರಿಂದ ಹೊರಟ ಬಿಳಿ, ಕಪ್ಪು ಗೆರೆಗಳು ಯಕೃತ್ತಿನ ಮೇಲೆ ಅಡ್ಡಾದಿಡ್ಡಿ ಹರಡಿದ್ದವು. ಆ ಗೆರೆಗಳ ಸಂದಿನಲ್ಲಿ, ಬೆರಳಿಟ್ಟು ತೋರಿಸಿದರೆ ಮಾತ್ರ ಕಾಣುವಂತೆ, ಒಂದು ಕಪ್ಪು ಕಲೆಯ ಅಂಚು ಇತ್ತು.

"ಈ ಅಂಚನ್ನ ಯಂತ್ರ ನೆರಳಿನ ಒಂದ ತುಣುಕು ಅಂತ ತಿಳೀತು. ಅಳಿಸಿ, ಅಲ್ಲಿ ಒಳ್ಳೆ ಯಕೃತ್ತು ಬರೀತು. ಅದಕ್ಕ ಕಲಿಸಿದ್ದು ಲಕ್ಷಗಟ್ಟಲೆ ಆರೋಗ್ಯವಂತರ ಚಿತ್ರ ತೋರಿಸಿ ಕಾಕಾ. ಕಾಣದ ಜಾಗಾದಾಗ ಏನಿರಬೇಕು ಅಂತ ಕೇಳಿದ್ರ ಅದು ಆರೋಗ್ಯನ ಹೇಳ್ತೈತಿ. ಬ್ಯಾರೆ ಏನೂ ಗೊತ್ತಿಲ್ಲ ಅದಕ್ಕ."

ಚನ್ನಮಲ್ಲಪ್ಪ ಬಹಳ ಹೊತ್ತು ಎಡಗಡೆಯ ಚಿತ್ರವನ್ನೇ ನೋಡಿದ. ಎಷ್ಟು ಚೆಂದದ ಸುಳ್ಳು! ತನ್ನ ಹೆಂಡತಿಯ ಒಡಲಿನಲ್ಲಿ ಇಲ್ಲದ ಆರೋಗ್ಯವನ್ನು ಯಾರೋ ಕುಂಚ ಹಿಡಿದು ಬರೆದಿದ್ದಾರೆ. ಅವನು ತನ್ನ ಬಲಗೈಯ ಎರಡು ಬೆರಳುಗಳನ್ನು ನೋಡಿಕೊಂಡ.

"ನಾನ ಬಲಕ್ಕ ಸರಿಸಿದ್ದು," ಎಂದ.

"ಹೃದಯ ಕಾಣಲಿ ಅಂತ ಸರಿಸಿದ್ರಿ. ಯಕೃತ್ತಿನ ಮ್ಯಾಲ ಹಿಂಗಾಗ್ತೈತಿ ಅಂತ ಓದಿದವರಿಗೂ ಹೊಳೀಲಿಲ್ಲ, ನನಗೂ ಹೊಳೀಲಿಲ್ಲ. ಅದನ್ನ ಹಿಡಕೊಂಡ ಕುಂದರಬ್ಯಾಡ್ರಿ. ನನಗ ನಿದ್ದಿ ಹತ್ತದಂಗ ಮಾಡಿದ್ದು ಬ್ಯಾರೆ ಐತಿ." ಆಕೆ ದನಿ ತಗ್ಗಿಸಿದಳು. "ಲಿಂಗ ಕಟಗೊಂಡ ಮಲಗಿ ಎದ್ದ ಹೋದವರು ಎಷ್ಟ ಮಂದಿ ಅದಾರ? ಅವರೆಲ್ಲಾರ ಯಕೃತ್ತಿನ ಮ್ಯಾಲೂ ಇದ ಬಣ್ಣಾ ಬಳದೈತಿ. ಮೂಲ ಚಿತ್ರ ತಗದ ನೋಡಿದ್ರೂ ಗೆರಿಗಳ ನಡುವ ಖಾತ್ರಿ ತಿಳಿಯಂಗಿಲ್ಲ. ಅದರ ಕೆಳಗ ಏನೈತೋ ನಮಗ್ಯಾರಿಗೂ ಗೊತ್ತಿಲ್ಲ."

*

ಆಸ್ಪತ್ರೆಯ ಅಧ್ಯಕ್ಷ ಕಲ್ಲಪ್ಪ ಸಾಹುಕಾರರು ವಿಷಯ ಕೇಳಿ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟರು. ಕೆಟ್ಟ ಮನುಷ್ಯರಲ್ಲ. ಆದರೆ ಊರನ್ನು ಬಲ್ಲವರು.

"ಕಂಪನಿಗೆ ತಿಳಿಸೀರಿಲ್ಲೋ?"

"ತಿಳಿಸೀನ್ರಿ. ಅಳಿಸೂದನ್ನ ನಿಲ್ಲಿಸಬಹುದು ಅಂತಾರ. ನಿಲ್ಲಿಸಿದ್ರ ನೆರಳು ಹಂಗ ಉಳೀತೈತಿ, ಅದರ ಹಿಂದಿಂದು ಕಾಣಂಗಿಲ್ಲ. ಹೊಸಾದು ಮಾಡಿ ಕೊಡಾಕ ವರ್ಷ ಹಿಡೀತೈತಂತ," ಎಂದಳು ಮೆಹರುನ್ನಿಸಾ.

"ಹಂಗಾದ್ರ ಏನ ಮಾಡೂದು? ಎಲ್ಲಾರನ್ನೂ ಕರದು, ಲಿಂಗಾ ತಗದಿಟ್ಟ ಮತ್ತೊಮ್ಮೆ ಮಲಗ್ರಿ ಅನ್ನೂದೇನು?" ಸಾಹುಕಾರರು ನಕ್ಕರು, ನಗುವಿನಲ್ಲಿ ನಗುವಿರಲಿಲ್ಲ. "ಡಾಕ್ಟರಬಾಯರ, ಆ ಮಾತು ನಿಮ್ಮ ಬಾಯಿಂದ ಬಂದ್ರ ಏನಾಗ್ತೈತಿ ಗೊತ್ತೇನು?"

"ಗೊತ್ತೈತ್ರಿ," ಎಂದಳು ಆಕೆ. "ನಾ ಹೇಳಿದ್ರ ಅದಕ್ಕ ಒಂದ ಅರ್ಥ ಹಚ್ಚತಾರ. ಅದಕ್ಕ ಸುಮ್ಮನಿದ್ರ, ಒಳಗ ರೋಗ ಸುಮ್ಮನಿರಂಗಿಲ್ಲಲ್ರಿ."

"ಚನ್ನಮಲ್ಲಪ್ಪ, ನೀ ಹೇಳತಿಯೇನಪಾ?"

ಅರವತ್ತು ವರ್ಷ ಎದೆಯ ಮೇಲಿದ್ದುದನ್ನು ತೆಗೆದಿಡಿ ಎಂದು ಇನ್ನೊಬ್ಬರಿಗೆ ಹೇಳಲು, ಮೊದಲು ಚನ್ನಮಲ್ಲಪ್ಪ ತನ್ನದನ್ನು ತೆಗೆದಿಡಲು ಸಿದ್ಧನಿರಬೇಕಿತ್ತು. ಹೆಂಡತಿಯನ್ನು ಮಣ್ಣು ಮಾಡಿ ಬಂದ ಮೇಲೂ ಅವನಿಗೆ ಅದು ಆಗದು. ಅದು ಹಟವಲ್ಲ. ಬೇರೆಯವರಿಗೆ ತಿಳಿಸಿ ಹೇಳುವಂಥದೂ ಅಲ್ಲ.

"ನಾ ವಿಚಾರ ಮಾಡತೀನ್ರಿ," ಎಂದು ಎದ್ದು ಬಂದ.

*

ಸಂಜೆ ನಿಂಬೆವ್ವ ರೊಟ್ಟಿ ತಂದಳು. ಗಂಗಕ್ಕ ಹೋದಂದಿನಿಂದ ಆಕೆಯದೇ ಅವನಿಗೆ ಬುತ್ತಿ. ಗಂಡ ತೀರಿಹೋಗಿ ಬಹಳ ಕಾಲವಾದ, ಮಗ್ಗದ ಮನೆಯಲ್ಲಿ ನೂಲಿನ ಕಂಡಿಕೆ ಸುತ್ತಿ ಬದುಕುವ ಹೆಂಗಸು. ಬಿಸಿಲಿನ ಝಳ ಇನ್ನೂ ಆರಿರಲಿಲ್ಲ. ಆಕೆ ಸೆರಗಿನ ಮೇಲೊಂದು ದುಪ್ಪಟಿ ಹೊದ್ದಿದ್ದಳು.

"ಇದೇನ ತಂಗೀ, ಈ ಸೆಕ್ಯಾಗ ದುಪ್ಪಟಿ?"

"ಏನಿಲ್ಲ ಯಣ್ಣಾ, ಹೊತ್ತ ಮುಳುಗಿದ್ರ ಸಣ್ಣಾಗಿ ಚಳಿ ಬರತಾವ. ಗಂಗಕ್ಕನ ಚಿಂತಿ ಹಚಗೊಂಡೀನಲ್ಲ, ಅದಕ್ಕ." ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕುತ್ತ ನಕ್ಕಳು. "ಕುಪ್ಪಸಾ ಸಡ್ಲ ಆಗ್ಯಾವ. ಹೊಲಿಯೂವಾಕಿ ಕೇಳತಾಳ, ಯಾರನ್ನ ಲಗ್ನ ಆಗಾಕ ಹೊಂಟಿ ಅಂತ!"

ಚನ್ನಮಲ್ಲಪ್ಪನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಶಿವಗಂಗವ್ವನೂ ಹೀಗೆಯೇ ನಗುತ್ತ ಹೇಳಿದ್ದಳು. ಅವನು ಉಣ್ಣುವುದನ್ನು ಬಿಟ್ಟು ಎಲ್ಲವನ್ನೂ ಹೇಳಿದ. ಚಿತ್ರ, ನೆರಳು, ಬಳಿದ ಬಣ್ಣ. ಕೊನೆಗೆ, "ನೀ ಇನ್ನೊಮ್ಮೆ ಬಂದ ಮಲಗಬೇಕವ್ವಾ. ಒಂದ ಗಳಿಗಿ ಲಿಂಗಾ ತಗದ..." ಎಂದ.

ನಿಂಬೆವ್ವ ತಟ್ಟೆಯನ್ನು ನೆಲಕ್ಕೆ ಕುಕ್ಕಿದಳು.

"ಯಣ್ಣಾ! ಬ್ಯಾರೆ ಯಾರರ ಈ ಮಾತ ಆಡಿದ್ರ ಮನಿ ಮೆಟ್ಟಲಾ ಹತ್ತತಿದ್ದಿಲ್ಲ ನಾನು. ಗಂಡನ್ನ ಕಳಕೊಂಡೆ, ಮಕ್ಕಳಿಲ್ಲ, ಮರಿಯಿಲ್ಲ. ನನ್ನ ಕೂಡ ಇರೂದು ಇದೊಂದ. ಇದನ್ನೂ ತಗೀ ಅಂತಿ?"

"ಒಂದ ಗಳಿಗಿ ತಂಗೀ..."

"ಜೀವಾ ಹೋದ ಮ್ಯಾಲೂ ತಗಿಯಂಗಿಲ್ಲಲ್ಲ ಅದನ್ನ! ಗಂಗಕ್ಕನ ಅಂಗೈಯಾಗ ಇಟ್ಟ ಕಟ್ಟಿ ಮಣ್ಣ ಮಾಡಿದ್ರಿಲ್ಲೋ? ನೀನ ಕಣ್ಣಾರೆ ನೋಡೀದಿ. ಸತ್ತಾಕೀಗೆ ಕೊಟ್ಟಿದ್ದನ್ನ ಇದ್ದಾಕೀ ಕಡಿಂದ ಕಸಗೊಂತಿಯೇನು?"

ಆಕೆ ಕಣ್ಣೊರೆಸಿಕೊಂಡು ಹೋದಳು. ದುಪ್ಪಟಿಯ ಒಳಗೆ ಆಕೆಯ ಹೆಗಲ ಮೂಳೆ ಎದ್ದು ಕಾಣುತ್ತಿತ್ತು.

*

ಮರುದಿನ ಮುಂಜಾನೆ ಚನ್ನಮಲ್ಲಪ್ಪ ಮಿಂದು ಪೂಜೆಗೆ ಕುಳಿತ. ಕರಡಿಗೆ ತೆರೆದು ಲಿಂಗವನ್ನು ಎಡಗೈಯ ಅಂಗೈಯಲ್ಲಿಟ್ಟುಕೊಂಡು, ವಿಭೂತಿ ಧರಿಸಿ, ಪತ್ರೆ ಏರಿಸಿದ. ಮಂತ್ರ ನಾಲಿಗೆಯ ಮೇಲೆ ನಡೆದಿತ್ತು. ಮನಸ್ಸು ನಿಂಬೆವ್ವನ ಮಾತಿನ ಮೇಲಿತ್ತು. ಗಂಗಕ್ಕನ ಅಂಗೈಯಾಗ ಇಟ್ಟ ಕಟ್ಟಿ.

ಅವನ ದೃಷ್ಟಿ ಅಂಗೈಯ ಮೇಲೆ ನಿಂತಿತು. ಬೆಳ್ಳಿಯ ಕರಡಿಗೆ ಪಕ್ಕದಲ್ಲಿ ಖಾಲಿಯಾಗಿ ಕುಳಿತಿತ್ತು. ಲಿಂಗ ಮೈ ಬಿಟ್ಟಿರಲಿಲ್ಲ. ದಿನಾ ಮುಂಜಾನೆ, ಅರವತ್ತು ವರ್ಷ, ಅದು ಎದೆಯಿಂದ ಇಳಿದು ಅಂಗೈಗೆ ಬಂದು ಕೂರುತ್ತಲೇ ಇತ್ತು. ಅದನ್ನು ಯಾರೂ ತೆಗೆದಿಟ್ಟಂತೆ ಎಂದಿರಲಿಲ್ಲ. ಪೂಜೆ ಎಂದಿದ್ದರು.

ಅವನು ಕುಳಿತಲ್ಲೇ ಎರಡೂ ಕೈಗಳನ್ನು ನಿಧಾನವಾಗಿ ತಲೆಯ ಹಿಂದಕ್ಕೆ ಚಾಚಿದ. ಹಲಗೆಯ ಮೇಲೆ ಮಲಗಿದ ಪ್ರತಿಯೊಬ್ಬರಿಗೂ ಅವನು ಹೀಗೆಯೇ ಚಾಚಿಸುತ್ತಿದ್ದ. ಅಂಗೈಗಳು ಮೈಯ ಸುತ್ತ ತಿರುಗುವ ಯಂತ್ರದ ಬಳೆಯಿಂದ ಬಹಳ ಆಚೆಗೆ ಉಳಿಯುತ್ತಿದ್ದವು. ಲಿಂಗವನ್ನು ಕೊರಳಿಗೂ ಕಟ್ಟಿರಬೇಕು, ಕರಡಿಗೆಯ ಶಿವದಾರ ಅಲ್ಲಿಗೆ ಮುಟ್ಟದಷ್ಟು ಗಿಡ್ಡ. ಅಷ್ಟೇ ತೊಡಕು. ಯಂತ್ರ ನೆರಳನ್ನು ಅಳಿಸುತ್ತದೆ ಎಂದು ನಂಬಿದ್ದರಿಂದ ನೆರಳು ಬೀಳದ ಹಾಗೆ ಮಾಡುವುದನ್ನು ಯಾರೂ ಯೋಚಿಸಿರಲಿಲ್ಲ.

ಅವನು ಅಳತೊಡಗಿದ. ಇಷ್ಟು ಸಣ್ಣ ಸಂಗತಿ ಶಿವಗಂಗವ್ವ ಇದ್ದಾಗ ಹೊಳೆಯಬಾರದಿತ್ತೆ? ಆಕೆಯನ್ನು ಮಣ್ಣಿನಲ್ಲಿ ಕೂರಿಸಿದ ರೀತಿಯೇ ಅದನ್ನು ಕಲಿಸಬೇಕಿತ್ತೆ?

ಆಸ್ಪತ್ರೆಗೆ ಹೋದವನೇ, "ಡಾಕ್ಟರವ್ವಾ, ಇವತ್ತ ನಾ ಮಲಗತೀನಿ, ನೀ ನಡಸು," ಎಂದ. ಕರಡಿಗೆಯನ್ನು ಮೇಜಿನ ಮೇಲಿಟ್ಟು, ಬರಿಯ ಲಿಂಗವನ್ನು ಉದ್ದನೆಯ ದಾರದಲ್ಲಿ ಕೊರಳಿಗೆ ಕಟ್ಟಿಕೊಂಡು, ಅಂಗೈಯಲ್ಲಿ ಹಿಡಿದು, ಕೈ ಚಾಚಿ ಮಲಗಿದ. ಬಳೆ ತಿರುಗಿತು. "ಉಸುರು ಹಿಡೀರಿ," ಎಂದಿತು ಅವನದೇ ದನಿ. ಹಲಗೆಯ ಮೇಲಿಂದ ಕೇಳಿದಾಗ ಆ ದನಿ ಇಷ್ಟು ನಂಬಿಸುವಂತಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಆಕೆಯೂ ಇದನ್ನೇ ಕೇಳಿದ್ದಳು. ಕೇಳಿ, ನಂಬಿ, ಉಸಿರು ಹಿಡಿದಿದ್ದಳು.

"ನೆರಳಿಲ್ಲ ಕಾಕಾ," ಗಾಜಿನ ಆಚೆಯಿಂದ ಮೆಹರುನ್ನಿಸಾ ಕೂಗಿದಳು. "ದಾರ ಸೈತ ಕಾಣವಲ್ದು. ಬಣ್ಣಾ ಬಳಿಯಾಕ ಅದಕ್ಕ ಒಂದ ಚೂರೂ ಜಾಗಾ ಸಿಕ್ಕಿಲ್ಲ!"

*

ನಿಂಬೆವ್ವನ ಮನೆಗೆ ಅವನು ಅಯ್ಯನವರನ್ನೇ ಕರೆದುಕೊಂಡು ಹೋದ. ಎಲ್ಲ ಕೇಳಿದ ಮೇಲೆ ಅಯ್ಯನವರು, "ಅಂಗೈಯಾಗ ಇದ್ರ ಅದು ಪೂಜಿನ ಅಲ್ಲೇನವಾ? ಕುಂತ ಮಾಡೂ ಪೂಜಿ ಮಲಗಿ ಮಾಡೂದು. ಬ್ಯಾನಿ ಬಂದವರು ಹಾಸಿಗ್ಯಾಗ ಮಾಡಂಗಿಲ್ಲೇನು?" ಎಂದರು.

ನಿಂಬೆವ್ವ ಎದ್ದು ಒಳಗೆ ಹೋಗಿ ಬಿಳಿಯ ನೂಲಿನ ಒಂದು ಲಡಿ ತಂದಳು.

"ದಾರ ಗಿಡ್ಡ ಅಂದೀಯಲ್ಲ ಯಣ್ಣಾ. ನಾ ನೂಲಿನ ನಡುವ ಹುಟ್ಟೀನಿ, ನನಗ ದಾರದ ಬರ ಏನು?" ಎಂದು ತೊಡೆಯ ಮೇಲೆ ಹೊಸೆಯತೊಡಗಿದಳು. ಹೊಸೆಯುತ್ತ, "ನೆಟ್ಟಗ ಹೇಳಬೇಕ ನಿನ್ನ ಕನ್ನಡಿ. ಕೆಟ್ಟಿದ್ರ ಕೆಟ್ಟೈತಿ ಅನ್ನಲಿ. ಚೆಂದ ಮಾಡಿ ತೋರ್ಸಾಕ ನಾ ಏನ ಮದಲಗಿತ್ತಿ ಅಲ್ಲ," ಎಂದಳು.

ಹಲಗೆಯ ಮೇಲೆ ಮಲಗಿ ಆಕೆ ಈ ಸಲ ನಗಿಸಲಿಲ್ಲ. ಕೈ ಚಾಚಿ, ಮುಷ್ಟಿ ಬಿಗಿಹಿಡಿದು, ತುಟಿಯಲ್ಲಿ ಪಂಚಾಕ್ಷರಿ ನುಡಿಯುತ್ತಿದ್ದಳು. ಉಸಿರು ಹಿಡಿಯಲು ಹೇಳಿದಾಗ ತುಟಿ ನಿಂತಿತು.

ಪರದೆಯ ಮೇಲೆ ಚಿತ್ರ ಹೋಳುಹೋಳಾಗಿ ಇಳಿದು ಬಂತು. ಹಿಂದಿನ ವರ್ಷ ನಯವಾಗಿ ಬಣ್ಣ ಬಳಿದಿದ್ದ ಜಾಗದಲ್ಲಿ ಎರಡು ಕಪ್ಪು ಕಲೆಗಳಿದ್ದವು, ಕಡಲೆಕಾಳಿನ ಗಾತ್ರದವು.

ಚನ್ನಮಲ್ಲಪ್ಪ ಪರದೆಗೆ ಬೆರಳು ಹಚ್ಚಿದ. "ಇದೂ ಅದ ಏನು?"

"ನೋಡಿ ಹೇಳಾಕ ಬರಂಗಿಲ್ಲ ಕಾಕಾ. ಲಿಂಫೋಮಾನೂ ಹಿಂಗ ಕಾಣತೈತಿ, ಬ್ಯಾರೆ ಬ್ಯಾನಿನೂ ಹಿಂಗ ಕಾಣತಾವ. ಸೂಜಿ ಹಾಕಿ ಒಂದ ಚೂರು ತಗದ ನೋಡಬೇಕು. ಕಂಡಾವಲ್ಲ, ಈಗ ನಮಗ ಹಾದಿ ಐತಿ."

ಪರೀಕ್ಷೆಯ ಫಲ ಬರುವತನಕ ಅವನು ಸರಿಯಾಗಿ ಉಣ್ಣಲಿಲ್ಲ. ನಿಂಬೆವ್ವನೇ ಬೈದು ಉಣಿಸಿದಳು. ಕೊನೆಗೆ ಮೆಹರುನ್ನಿಸಾ ತಾನೇ ಅವರ ಓಣಿಗೆ ನಡೆದು ಬಂದಳು. ಕ್ಯಾನ್ಸರಲ್ಲ. ಯಕೃತ್ತಿಗೆ ಇಳಿದ ಕ್ಷಯ. ಬಿಡದೆ ಗುಳಿಗೆ ನುಂಗಿದರೆ ವಾಸಿಯಾಗುವಂಥದು; ನೋಡದೆ ಬಿಟ್ಟಿದ್ದರೆ ಆಕೆಯನ್ನೂ ನುಂಗುತ್ತಿತ್ತು.

"ಗಂಗಕ್ಕ ತಾ ಹೋಗಿ ನನ್ನ ಉಳಿಸಿದ್ಳು," ಎಂದು ನಿಂಬೆವ್ವ ಆ ದಿನ ಮೊದಲ ಸಲ ದನಿ ತೆಗೆದು ಅತ್ತಳು.

ಹಳೆಯ ಚಿತ್ರಗಳ ವಿಷಯವನ್ನು ಸಾಹುಕಾರರೇ ನಿಂತು ಊರಿಗೆ ಹೇಳಿದರು. ಮಂದಿ ಬರತೊಡಗಿದರು. ನಿಂಬೆವ್ವ ಆಸ್ಪತ್ರೆಯ ಕಟ್ಟೆಯ ಮೇಲೆ ಕುಳಿತು ಉದ್ದ ದಾರ ಹೊಸೆದು ಕೊಟ್ಟಳು. ಎಲ್ಲರೂ ಬರಲಿಲ್ಲ. ಕೆಲವರು ಯಂತ್ರದ ಮೇಲೆ ಮುನಿದರು, ಕೆಲವರು ಆಸ್ಪತ್ರೆಯ ಮೇಲೆ, ಕೆಲವರು ಡಾಕ್ಟರಬಾಯಿಯ ಮೇಲೆ ಸುಮ್ಮಸುಮ್ಮನೆ. ಬಂದವರಲ್ಲಿಯೂ ಒಬ್ಬನಿಗೆ, ನೂಲಿಗೆ ಬಣ್ಣ ಹಾಕುವ ಕೆಲಸದ ಮುತ್ತಪ್ಪ ಎಂಬವನಿಗೆ, ಕಂಡದ್ದು ತಡವಾಗಿತ್ತು. ಅವನ ಹೆಂಡತಿ ಚನ್ನಮಲ್ಲಪ್ಪನನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

*

ಒಂದು ಸೋಮವಾರ ನಸುಕಿನಲ್ಲಿ ಅವನು ಶಿವಗಂಗವ್ವನ ಸಮಾಧಿಗೆ ಹೋದ. ಮಣ್ಣಿನ್ನೂ ಕುಸಿದು ಕೂಡಿರಲಿಲ್ಲ. ನೀರು ಚಿಮುಕಿಸಿ, ವಿಭೂತಿ ಇಟ್ಟು, ಪತ್ರೆ ಏರಿಸಿದ. ಖಾಲಿ ಕರಡಿಗೆ ಅವನ ಜೇಬಿನಲ್ಲಿತ್ತು. ಅದನ್ನು ಹೊರಗೆ ತೆಗೆದು ನೋಡಿ ಮತ್ತೆ ಒಳಗಿಟ್ಟ. ತನ್ನ ಲಿಂಗವನ್ನು ಅಂಗೈಗೆ ತಂದುಕೊಂಡು ಕಣ್ಣು ಮುಚ್ಚಿದ. ಮಣ್ಣಿನ ಕೆಳಗೆ ಆಕೆಯೂ ಹೀಗೆಯೇ ಹಿಡಿದು ಕುಳಿತಿದ್ದಾಳೆ ಎಂದು ನೆನೆದು ಮನಸ್ಸಿನಲ್ಲೇ ಬೇಡಿಕೊಂಡ.

ಶಿವನೇ, ನಿನ್ನನ್ನು ಎದೆಯ ಮೇಲಿಂದ ಇಳಿಸದೆ ಬಾಳಿದವಳು ಇವಳು. ನಿನ್ನ ಮನೆಯ ಬೆಳ್ಳಿಯೇ ಇವಳ ನೋವನ್ನು ನಮಗೆ ಮರೆಮಾಡಿತು. ನಿನಗೆ ಅದು ಮರೆಯಾಗಿರಲಿಲ್ಲ. ಯಾಕೆ ಹೀಗೆ ಮಾಡಿದೆ ಎಂದು ಕೇಳುವ ಬಲ ನನಗಿಲ್ಲ, ಕೇಳದೆ ಇರುವ ಬಲವೂ ಇಲ್ಲ. ನಾವು ಬರೆದ ಸುಳ್ಳು ಆರೋಗ್ಯವನ್ನು ಒರೆಸಿ, ಇವಳು ಪಟ್ಟ ಬೇನೆಯನ್ನು ಒರೆಸಿ, ಇವಳನ್ನು ಇವಳಿದ್ದ ಹಾಗೆಯೇ ತೆಗೆದುಕೋ. ಉಪವಾಸ ಬಂದವನೆಂದು ನನ್ನ ಮೇಲೆ ಅವಳ ಚಿಂತೆಯಿದ್ದರೆ, ಉಂಡಿದ್ದಾನೆ ಎಂದು ಹೇಳು. ಅಂಗೈಯ ಬೆಳಕಾಗಿದ್ದವನೇ, ಈಗ ಅವಳ ಸುತ್ತಲಿನ ಬೆಳಕಾಗು. ಶಿವಗಂಗವ್ವನಿಗೆ ಶಾಂತಿಯಾಗಲಿ.